ತಲೆ ಒಂದು ಕಡೆ, ಮೈ ಒಂದು ಕಡೆ

ನಮ್ಮ ಶಾಲೆಯ ಏಳನೇ ತರಗತಿ ಮಕ್ಕಳನ್ನು ಬಾದಾಮಿಗೆ ಕರಕೊಂಡು ಹೋಗಿದ್ದೆ. ಗುಹೆ ನೋಡಿದ್ದಾಯಿತು. ಅಗಸ್ತ್ಯ ತೀರ್ಥದ ದಂಡೆಯ ಮೇಲೆ ಬುತ್ತಿ ಬಿಚ್ಚಿ, ಅರ್ಧ ರೊಟ್ಟಿ ಮಂಗಗಳ ಪಾಲು ಮಾಡಿದ್ದೂ ಆಯಿತು. ಆಮೇಲೆ ಮ್ಯೂಸಿಯಂ ಹೊಕ್ಕೆವು. ಒಂದು ಕಲ್ಲಿನ ಮುಂದೆ ಗಂಡುಹುಡುಗರು ಒಬ್ಬರನ್ನೊಬ್ಬರು ನೂಕಿ ಕಿಸಕ್ಕನೆ ನಕ್ಕರು. ಹುಡುಗಿಯರು ತಲೆ ತಗ್ಗಿಸಿ ಮುಂದೆ ಹೋದರು. ನಮ್ಮ ಕೇರಿಯ ಹುಡುಗಿ ಒಬ್ಬಳು ಮಾತ್ರ ಅಲ್ಲೇ ನಿಂತಳು.

"ಸರ, ಈಕಿ ತಲಿ ಎಲ್ಲಿ ಹೋತ್ರಿ?"

"ತಲಿ ಇಲ್ಲವ್ವಾ, ತಲಿ ಜಾಗಾದಾಗ ಕಮಲ ಐತಿ ನೋಡು."

ಹುಡುಗಿ ಒಂದು ಗಳಿಗೆ ಸುಮ್ಮನಿದ್ದಳು. "ನಮ್ಮನಿ ಜಗದಾಗ ಎಲ್ಲವ್ವಗ ಬರೇ ಮಾರಿ ಅಷ್ಟ ಐತ್ರಿ, ಮೈ ಇಲ್ಲ. ಈಕಿಗೆ ಬರೇ ಮೈ ಐತಿ, ಮಾರಿ ಇಲ್ಲ. ಇಬ್ಬರೂ ಒಬ್ಬಾಕೀನ ಏನ್ರಿ ಸರ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಇಪ್ಪತ್ತು ವರ್ಷ ಪಾಠ ಹೇಳಿದ ಬಾಯಿ ಕಟ್ಟಿತು. ಈ ಲೇಖನ ಆ ಹುಡುಗಿಗೆ ನಾನು ಕೊಡಬೇಕಾಗಿದ್ದ ಉತ್ತರ. ಇದಕ್ಕಾಗಿ ಕಲ್ಲಿನ ಚರಿತ್ರೆ, ಕತೆಯ ಚರಿತ್ರೆ, ಈ ಕಾಲದ ಚಿತ್ರಕಾರರ ಗೆರೆಯ ಚರಿತ್ರೆ, ಮೂರನ್ನೂ ಒಟ್ಟಿಗೆ ನೋಡಬೇಕಾಯಿತು. ಯಾಕೆಂದರೆ ಇವತ್ತು ದೇವಿಯನ್ನು ತ್ರಿಕೋನ ಮಾಡಿ, ಬಿಂದು ಮಾಡಿ, ವೃತ್ತ ಮಾಡಿ ಬರೆಯುವ ಕಲೆಯೊಂದು ದೊಡ್ಡ ನಗರಗಳ ಗ್ಯಾಲರಿಗಳಲ್ಲಿ ಮೆರೆಯುತ್ತಿದೆ. ಅದನ್ನು ಅಮೂರ್ತ ಕಲೆ ಎನ್ನುತ್ತಾರೆ. ಅಮೂರ್ತ ಎಂದರೆ ಮೂರ್ತಿ ಇಲ್ಲದ್ದು, ಮೈ ಇಲ್ಲದ್ದು. ಮೈ ಇಲ್ಲದ ದೇವಿ ಎಂದ ಕೂಡಲೆ ನಮಗೆ ಹುಟ್ಟುವ ಪ್ರಶ್ನೆ ಒಂದೇ: ಹಾಗಾದರೆ ಆ ಮೈ ಎಲ್ಲಿ ಹೋಯಿತು, ಯಾರ ಪಾಲಾಯಿತು?

ಮೊದಲು ಕಲ್ಲಿನ ಮಾತು. ಹುಡುಗಿ ನಿಂತು ನೋಡಿದ ಆ ವಿಗ್ರಹ ಬಾದಾಮಿಯ ಹತ್ತಿರದ ನಾಗನಾಥಕೊಳ್ಳದ ಗುಡಿಯಿಂದ ಬಂದದ್ದು, ಚಾಲುಕ್ಯರ ಕಾಲದ ಕೆಲಸ. ಮಂಡಿ ಮಡಚಿ, ತೊಡೆ ಅಗಲಿಸಿ, ಹೆರುವ ಹೆಂಗಸಿನ ಹಾಗೆ ಕೂತಿದ್ದಾಳೆ. ಮೈಮೇಲೆ ಆಭರಣ ಇವೆ. ಕುತ್ತಿಗೆಯ ಮೇಲೆ ತಲೆ ಇಲ್ಲ, ಅರಳಿದ ತಾವರೆ ಇದೆ. ಇಂಥ ವಿಗ್ರಹಗಳು ಬಾದಾಮಿಯಲ್ಲಿ ಮಾತ್ರ ಇಲ್ಲ. ಐಹೊಳೆಯಲ್ಲಿವೆ, ತುಂಗಭದ್ರೆಯ ದಂಡೆಯ ಆಲಂಪುರದಲ್ಲಿವೆ, ಮಹಾರಾಷ್ಟ್ರದ ತೇರ್ ಎಂಬ ಊರಿನಲ್ಲಿ ಸಿಕ್ಕಿವೆ, ಆಂಧ್ರದ ನಾಗಾರ್ಜುನಕೊಂಡದಲ್ಲಿ ಸಿಕ್ಕಿವೆ. ಕ್ರಿಸ್ತಶಕದ ಮೊದಲ ಶತಮಾನಗಳಿಂದ ಎಂಟನೇ ಶತಮಾನದವರೆಗೆ ಈ ತಾಯಿಯನ್ನು ಜನ ಮಣ್ಣಿನಲ್ಲಿ, ಕಲ್ಲಿನಲ್ಲಿ ಮಾಡಿಕೊಂಡೇ ಬಂದಿದ್ದಾರೆ.

ಇವುಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ವಿಚಾರ ತಿಳಿಯುತ್ತದೆ. ಕೆಲವು ಕಡೆ ಇವಳು ಬರೀ ಕೊಡ, ಕೊಡದ ಬಾಯಲ್ಲಿ ತಾವರೆ, ಅಷ್ಟೇ. ಕೆಲವು ಕಡೆ ಕೊಡಕ್ಕೆ ಕಾಲು ಬಂದಿವೆ. ಕೆಲವು ಕಡೆ ಕೈ ಬಂದಿವೆ. ಕೆಲವು ಕಡೆ ಪೂರ್ತಿ ಹೆಣ್ಣಾಗಿ, ತಲೆಯೂ ಬಂದಿದೆ. ಕೊಡವೇ ಹೊಟ್ಟೆ, ಹೊಟ್ಟೆಯೇ ಕೊಡ. ನೀರು ತುಂಬಿದ ಕೊಡ, ಕಾಳು ತುಂಬಿದ ನೆಲ, ಕೂಸು ತುಂಬಿದ ಬಸಿರು, ಮೂರಕ್ಕೂ ಒಂದೇ ಗೆರೆ. ಹೊಲದಲ್ಲಿ ದುಡಿಯುವ ಜನ ಮಾಡಿಕೊಂಡ ಲೆಕ್ಕ ಇದು. ಅಮೂರ್ತ ಕಲೆ ಪ್ಯಾರಿಸ್ಸಿನಿಂದ ಹಡಗು ಹತ್ತಿ ಬಂತು ಎನ್ನುವ ನಮ್ಮ ವಿದ್ವಾಂಸರು ಒಂದು ಸಲ ಈ ಕೊಡದ ಮುಂದೆ ಕೂರಬೇಕು.

ಆದರೆ ಇವಳ ಹೆಸರೇನು? ಪುಸ್ತಕದಲ್ಲಿ 'ಲಜ್ಜಾಗೌರಿ' ಎಂದಿದೆ. ನಾಚಿಕೊಂಡ ಗೌರಿ ಎಂದರ್ಥ. ಆ ಕಲ್ಲಿನಲ್ಲಿ ನಾಚಿಕೆ ಎಲ್ಲಿದೆ ಸ್ವಾಮಿ? ಹೆರುವವಳಿಗೆ ನಾಚಿಕೆ ಪಡಲು ಪುರುಸೊತ್ತೂ ಇರುವುದಿಲ್ಲ. ನಾಚಿಕೆ ನೋಡುವವರ ಕಣ್ಣಿನದು. ಆ ಕಣ್ಣೇ ಹೆಸರಿಟ್ಟಿತು. 1960ರಲ್ಲಿ ಪುರಾತತ್ವಜ್ಞ ಎಚ್.ಡಿ. ಸಂಕಾಲಿಯಾ ಇವಳ ಬಗ್ಗೆ ಬರೆದ ದೊಡ್ಡ ಲೇಖನದ ತಲೆಬರಹದಲ್ಲಿಯೂ 'ಲಜ್ಜೆಗೆಟ್ಟ ಹೆಣ್ಣು' ಎಂಬರ್ಥದ ಮಾತು ಬಂದು ಕೂತಿದೆ. ನಾಗಾರ್ಜುನಕೊಂಡದ ಕಲ್ಲಿನ ಮೇಲೆ ಮಾತ್ರ ಬೇರೆ ಮಾತಿದೆ. ಅದನ್ನು ಮಾಡಿಸಿದವಳು ಇಕ್ಷ್ವಾಕು ಮನೆತನದ ರಾಣಿ. ತಾನು ಮುತ್ತೈದೆ, ತನ್ನ ಮಕ್ಕಳು ಬದುಕಿದ್ದಾರೆ ಎಂದು ಬರೆಸಿದ್ದಾಳೆ. ಗಂಡ ಇರಲಿ, ಮಕ್ಕಳು ಉಳಿಯಲಿ ಎನ್ನುವ ಬೇಡಿಕೆ ಅರಮನೆಯದೂ ಹೌದು, ಗುಡಿಸಲಿನದೂ ಹೌದು. ಆದರೆ ಬೇಡಿಕೆ ಒಂದೇ ಆದ ಮಾತ್ರಕ್ಕೆ ದಂಡ ಕಟ್ಟುವವರು ಒಂದೇ ಅಲ್ಲ.

1978ರಲ್ಲಿ ಮರಾಠಿ ಸಂಶೋಧಕ ರಾಮಚಂದ್ರ ಚಿಂತಾಮಣ ಢೇರೆ 'ಲಜ್ಜಾಗೌರಿ' ಎಂಬ ಪುಸ್ತಕವನ್ನೇ ಬರೆದರು. ಹೊಲದ ಮಣ್ಣು, ಹುತ್ತ, ರೇಣುಕೆ, ಎಲ್ಲಮ್ಮ, ಈ ತಲೆಯಿಲ್ಲದ ತಾಯಿ, ಇವರೆಲ್ಲ ಒಂದೇ ಬಳ್ಳಿಯ ಕಾಯಿಗಳು ಎಂದು ತೋರಿಸಲು ನೋಡಿದರು. ನಮ್ಮ ಕೇರಿಯ ಹುಡುಗಿ ಒಂದು ನಿಮಿಷದಲ್ಲಿ ಕೇಳಿದ್ದು ಇದನ್ನೇ.

ಈಗ ಕತೆಗೆ ಬರೋಣ. ಮಹಾಭಾರತದ ವನಪರ್ವದಲ್ಲಿ ರೇಣುಕೆಯ ಕತೆ ಇದೆ. ನೀರಿಗೆ ಹೋದವಳು ಒಬ್ಬ ರಾಜ ಜಲಕ್ರೀಡೆ ಆಡುವುದನ್ನು ಕಂಡು ಮನಸ್ಸು ಕದಡಿಕೊಂಡಳು. ಗಂಡ ಜಮದಗ್ನಿಗೆ ಅದು ತಿಳಿಯಿತು. ಕೊಲ್ಲಿರಿ ಎಂದ. ನಾಲ್ಕು ಮಕ್ಕಳು ಒಲ್ಲೆ ಎಂದರು. ಐದನೆಯವನು ಪರಶುರಾಮ ಕೊಡಲಿ ಎತ್ತಿದ. ಆಮೇಲೆ ವರ ಕೇಳಿ ತಾಯಿಯನ್ನು ಬದುಕಿಸಿಕೊಂಡ. ಸಂಸ್ಕೃತದ ಕತೆ ಇಲ್ಲಿಗೆ ಮುಗಿಯುತ್ತದೆ. ಕಡಿದದ್ದು ಕಡಿದಂತೆಯೇ ಕೂಡಿತು, ಯಾರಿಗೂ ಏನೂ ಆಗಲಿಲ್ಲ!

ನಮ್ಮ ಜನರ ಬಾಯಲ್ಲಿ ಕತೆ ಅಲ್ಲಿಗೆ ಮುಗಿಯುವುದಿಲ್ಲ. ಕನ್ನಡ, ತೆಲುಗು, ತಮಿಳು ಸೀಮೆಗಳಲ್ಲಿ ಹಾಡಿ ಹೇಳುವ ಕತೆಯಲ್ಲಿ ರೇಣುಕೆಯ ಜೊತೆ ಇನ್ನೊಬ್ಬಳ ತಲೆಯೂ ಉರುಳುತ್ತದೆ. ಅವಳು ಕೇರಿಯವಳು, ಮಾತಂಗಿ. ಬದುಕಿಸುವ ಹೊತ್ತಿಗೆ ತಲೆಗಳು ಅದಲುಬದಲಾಗುತ್ತವೆ. ಮೇಲು ಕುಲದ ತಲೆ ಹೊಲೆಮಾದಿಗರ ಮೈಗೆ ಕೂಡುತ್ತದೆ. ಈ ತಲೆಗೆ ಗರ್ಭಗುಡಿ ಸಿಗುತ್ತದೆ. ಕೆಲವು ಕಡೆ ತಲೆಯೊಂದನ್ನೇ ಇಟ್ಟು ಪೂಜೆ ಮಾಡುತ್ತಾರೆ. ಮಹಾರಾಷ್ಟ್ರದ ಮಾಹೂರಿನ ರೇಣುಕೆ ಬರೀ ಒಂದು ದೊಡ್ಡ ಮುಖ. ಸವದತ್ತಿ ಗುಡ್ಡದಲ್ಲಿ ಎಲ್ಲಮ್ಮನಿಗೆ ದೊಡ್ಡ ಗುಡಿ ಇದೆ, ಮಾತಂಗಿ ಬೇರೆಯಾಗಿಯೇ ಕೂತಿದ್ದಾಳೆ.

ಬಾದಾಮಿಯಿಂದ ಬಂದ ಮರುವಾರ ಆ ಹುಡುಗಿಯ ಮನೆಗೆ ಹೋದೆ. ಅವಳ ಅಜ್ಜಿ ಎಳವೆಯಲ್ಲೇ ಮುತ್ತು ಕಟ್ಟಿಸಿಕೊಂಡವಳು, ಜಗ ಹೊತ್ತು ಜೋಗ ಬೇಡಿದವಳು. ಮೊಮ್ಮಗಳ ಪ್ರಶ್ನೆ ಹೇಳಿದೆ. ಅಜ್ಜಿ ಎಲೆಅಡಿಕೆ ಬಾಯಿಗೆ ಹಾಕಿಕೊಂಡು, "ಹೌದ್ರಿ ಮಾಸ್ತರ, ಇಬ್ಬರೂ ಒಬ್ಬಾಕೀನ. ತಲಿ ಅವರು ಇಟಗೊಂಡ್ರು, ಮೈ ನಮಗ ಬಿಟ್ರು. ತಲಿಗಿ ಕೈ ಮುಗೀತಾರ. ಮೈಯಾಗ ಏನ ಮಾಡ್ತಾರ ನಿಮಗ ಗೊತ್ತೈತಿ" ಎಂದಳು. ನನಗೆ ಬೇರೆ ಸಂಶೋಧನೆ ಬೇಕಾಗಲಿಲ್ಲ.

ಆ ಮೈಯ ಚರಿತ್ರೆ ಪುರಾಣವಲ್ಲ, ಅದಕ್ಕೆ ಇಸವಿಗಳಿವೆ. 1934ರಲ್ಲಿ ಮುಂಬೈ ಪ್ರಾಂತ್ಯದಲ್ಲಿ ದೇವದಾಸಿ ಕಾಯಿದೆ ಬಂತು. ಸವದತ್ತಿ ಆಗ ಆ ಪ್ರಾಂತ್ಯದಲ್ಲೇ ಇತ್ತು. 1982ರಲ್ಲಿ ಕರ್ನಾಟಕ ತನ್ನದೇ ನಿಷೇಧ ಕಾಯಿದೆ ಮಾಡಿತು. ಮೊದಲ ಕಾಯಿದೆಗೂ ಎರಡನೆಯದಕ್ಕೂ ನಡುವೆ ನಲವತ್ತೆಂಟು ವರ್ಷ, ಅಂದರೆ ಮೂರು ತಲೆಮಾರಿನ ಹುಡುಗಿಯರ ಕೊರಳು. 1986ರ ಮಾರ್ಚಿಯಲ್ಲಿ ಸೊರಬ ತಾಲೂಕಿನ ಚಂದ್ರಗುತ್ತಿಯಲ್ಲಿ ಏನಾಯಿತು ಎಂಬುದು ಈ ಪುಟಗಳ ಓದುಗರಿಗೆ ಗೊತ್ತು. ರೇಣುಕಾಂಬೆಯ ಹೆಸರಿನಲ್ಲಿ ನಡೆಯುತ್ತಿದ್ದ ಬೆತ್ತಲೆ ಸೇವೆಯನ್ನು ತಡೆಯಲು ದಲಿತ ಸಂಘರ್ಷ ಸಮಿತಿಯವರು, ಇತರ ಕಾರ್ಯಕರ್ತರು ಹೋದರು. ಗುಂಪು ತಿರುಗಿಬಿತ್ತು. ಕಾರ್ಯಕರ್ತರನ್ನೂ ಪೊಲೀಸರನ್ನೂ ಹೊಡೆದು ಬಟ್ಟೆ ಬಿಚ್ಚಿಸಿ ನಡೆಸಿತು. ಹೆಣ್ಣು ಪೊಲೀಸರನ್ನೂ ಬಿಡಲಿಲ್ಲ. ಆಮೇಲೆ ಸರ್ಕಾರ ಆ ಸೇವೆಯನ್ನು ನಿಷೇಧಿಸಿತು. ಬೆತ್ತಲೆ ಹೋಗುತ್ತಿದ್ದವರಲ್ಲಿ ನಮ್ಮವರೇ ಹೆಚ್ಚು, ಹಿಂದುಳಿದವರೇ ಹೆಚ್ಚು. ದೇವಿಯ ಸಂಕೇತ ಎಂದು ನಾವು ಸಲೀಸಾಗಿ ಹೇಳುವುದು ಯಾರದೋ ಚರ್ಮದ ಮೇಲೆ ನಡೆಯುವ ವ್ಯವಹಾರ ಎಂಬುದನ್ನು ಮರೆಯಬಾರದು.

ಇನ್ನು ಚಿತ್ರಕಾರರ ಗೆರೆಗೆ ಬರೋಣ. ಅದಕ್ಕೂ ಮೊದಲು ದೇವಿಗೆ ಒಂದು ಮುಖ ಬಂದ ಬಗೆ ನೋಡಬೇಕು. 1894ರಲ್ಲಿ ರಾಜಾ ರವಿವರ್ಮ ಮುಂಬೈಯಲ್ಲಿ ಅಚ್ಚುಕೂಟ ಹಾಕಿದರು. ಲಕ್ಷ್ಮಿ, ಸರಸ್ವತಿಯರು ಅಗ್ಗದ ಬಣ್ಣದ ಪಟಗಳಾಗಿ ಊರೂರಿಗೆ ಬಂದರು. ಗುಡಿಯೊಳಕ್ಕೆ ಬಿಡದ ಜನರ ಗೋಡೆಗೂ ದೇವರು ಬಂದು ನೇತಾಡಿದ್ದು ಸಣ್ಣ ಮಾತಲ್ಲ. ಆದರೆ ಬಂದ ದೇವಿ ಯಾರ ಹಾಗಿದ್ದಳು? ಬಿಳಿ ಮೈ, ರೇಷ್ಮೆ ಸೀರೆ, ಮೇಲುಜಾತಿಯ ಮನೆಯೊಡತಿಯ ಮುಖ. ಕಳೆ ಕಿತ್ತ ಕೈ ಅದರಲ್ಲಿ ಇರಲಿಲ್ಲ. ಹುಣಸೆ ಮರದ ಕೆಳಗಿನ ಮಾರಿ, ಹುತ್ತದ ಎಲ್ಲವ್ವ ಕೂಡ ಕ್ರಮೇಣ ಆ ಕ್ಯಾಲೆಂಡರಿನ ಸೀರೆಯನ್ನೇ ಉಟ್ಟರು.

ಈ ಮುಖವನ್ನು ಒರೆಸಿ ಹಾಕಿದ್ದು ಅಮೂರ್ತ ಕಲೆಯವರು. ಅದನ್ನು ಅವರ ಲೆಕ್ಕಕ್ಕೆ ಜಮಾ ಮಾಡಲೇಬೇಕು. 1966ರಲ್ಲಿ ಅಜಿತ್ ಮುಖರ್ಜಿ 'ತಂತ್ರ ಆರ್ಟ್' ಎಂಬ ದೊಡ್ಡ ಚಿತ್ರಪುಸ್ತಕ ತಂದರು. 1971ರಲ್ಲಿ ಲಂಡನ್ನಿನ ಹೇವರ್ಡ್ ಗ್ಯಾಲರಿಯಲ್ಲಿ ತಂತ್ರದ ದೊಡ್ಡ ಪ್ರದರ್ಶನ ನಡೆಯಿತು. ಬೀರೇನ್ ಡೇ, ಜಿ.ಆರ್. ಸಂತೋಷ್, ಕೆ.ವಿ. ಹರಿದಾಸನ್, ಎಸ್.ಎಚ್. ರಝಾ ಮುಂತಾದವರು ಯಂತ್ರಗಳ ಗೆರೆಯನ್ನು ಒಬ್ಬೊಬ್ಬರು ಒಂದೊಂದು ರೀತಿ ತಮ್ಮ ಚಿತ್ರಕ್ಕೆ ತಂದುಕೊಂಡರು. ಕೆಳಮುಖ ತ್ರಿಕೋನ ಎಂದರೆ ಯೋನಿ, ಶಕ್ತಿ. ಬಿಂದು ಎಂದರೆ ಬೀಜ. 1985ರಲ್ಲಿ ಅಮೆರಿಕದ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯದಲ್ಲಿ 'ನಿಯೋ ತಂತ್ರ' ಎಂಬ ಹೆಸರಿನಲ್ಲೇ ಪ್ರದರ್ಶನವಾಯಿತು.

ಇವರನ್ನೆಲ್ಲ ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಅನ್ಯಾಯ. ಸಂತೋಷ್ ಕಾಶ್ಮೀರದ ಬಡ ಮುಸ್ಲಿಂ ಮನೆಯಲ್ಲಿ ಗುಲಾಮ್ ರಸೂಲ್ ಆಗಿ ಹುಟ್ಟಿದವರು. ಹಿಂದೂ ಹುಡುಗಿಯನ್ನು ಮದುವೆಯಾಗಿ, ಹೆಂಡತಿಯ ಹೆಸರನ್ನೇ ತನ್ನ ಹೆಸರಿಗೆ ಸೇರಿಸಿಕೊಂಡರು. ಈ ದೇಶದಲ್ಲಿ ಹೆಂಡತಿಯ ಹೆಸರು ಹೊತ್ತ ಗಂಡಸರು ಎಷ್ಟು ಜನ? ರಝಾ ಮಧ್ಯಪ್ರದೇಶದ ಕಾಡುಹಳ್ಳಿಯ ಶಾಲೆಯಲ್ಲಿ ಕಲಿತವರು. ಪಾಠದಲ್ಲಿ ಮನಸ್ಸು ನಿಲ್ಲದ ಈ ಹುಡುಗನಿಗೆ ಅವರ ಮಾಸ್ತರರು ಗೋಡೆಯ ಮೇಲೆ ಒಂದು ಚುಕ್ಕೆ ಇಟ್ಟು ಅದನ್ನೇ ನೋಡು ಎಂದರಂತೆ. ಆ ಚುಕ್ಕೆಯೇ ಮುಂದೆ ಅವರ ಬಿಂದುವಾಯಿತು. ಹಳ್ಳಿ ಮಾಸ್ತರರಾದ ನಾವು ಹೆಮ್ಮೆಪಡುವ ಸಂಗತಿ ಇದು.

ಆದರೂ ಕೇಳಬೇಕಾದ್ದನ್ನು ಕೇಳಲೇಬೇಕು. ಆ ಚಿತ್ರಗಳಲ್ಲಿ ಕ್ಯಾಲೆಂಡರಿನ ಮುಖ ಹೋಯಿತು, ಒಳ್ಳೆಯದೇ. ಅದರ ಜೊತೆಗೆ ಮೈಯೂ ಹೋಯಿತು. ಬಸಿರು ಹೋಗಿ ವೃತ್ತ ಉಳಿಯಿತು. ಹೆರಿಗೆಯ ನೋವು ಹೋಗಿ 'ಸೃಷ್ಟಿ' ಎಂಬ ದೊಡ್ಡ ಮಾತು ಉಳಿಯಿತು. ರಝಾ 1989ರಲ್ಲಿ ಬರೆದ, ಬಸಿರು ಎಂಬ ಅರ್ಥದ 'ಜೆಸ್ಟೇಶನ್' ಎನ್ನುವ ಚಿತ್ರ 2023ರಲ್ಲಿ ಮುಂಬೈಯ ಹರಾಜಿನಲ್ಲಿ 51 ಕೋಟಿ ರೂಪಾಯಿಗೂ ಮೇಲೆ ಹೋಯಿತು. ಅದಕ್ಕೆ ರಝಾ ಹೊಣೆಯಲ್ಲ, ಅವರು 2016ರಲ್ಲೇ ತೀರಿಕೊಂಡಿದ್ದರು. ಆದರೆ ಬಸಿರಿನ ಚಿತ್ರಕ್ಕೆ 51 ಕೋಟಿ ಕೊಡುವ ದೇಶದಲ್ಲಿ ಬಸುರಿ ಕೂಲಿ ಹೆಂಗಸು ಎಂಟನೇ ತಿಂಗಳವರೆಗೂ ಕಲ್ಲು ಹೊರುತ್ತಾಳೆ ಎಂಬುದನ್ನು ಯಾವ ಬಿಂದು ಹೇಳುತ್ತದೆ?

ತಮಾಷೆ ನೋಡಿ, ಹಳೆಯ ತಂತ್ರಕ್ಕೆ ಇದು ಗೊತ್ತಿತ್ತು. ಹತ್ತು ಮಹಾವಿದ್ಯೆಯರಲ್ಲಿ ಒಬ್ಬಳ ಹೆಸರು ಮಾತಂಗಿ. ಅವಳನ್ನು ಉಚ್ಛಿಷ್ಟ ಚಾಂಡಾಲಿನಿ ಎಂದೂ ಕರೆಯುತ್ತಾರೆ. ಅವಳಿಗೆ ಎಂಜಲೇ ನೈವೇದ್ಯ. ಇನ್ನೊಬ್ಬಳು ಛಿನ್ನಮಸ್ತೆ. ತನ್ನ ತಲೆಯನ್ನು ತಾನೇ ಕಡಿದುಕೊಂಡು ತನ್ನ ಕೈಯಲ್ಲೇ ಹಿಡಿದವಳು. ರೇಣುಕೆಯ ಹಾಗೆ ಮಗನ ಕೊಡಲಿಗೆ ಕೊರಳು ಕೊಟ್ಟವಳಲ್ಲ. ಕೇರಿಯ ನೆನಪು, ಎಂಜಲಿನ ನೆನಪು, ಕಡಿದ ಕೊರಳಿನ ನೆನಪು ಎಲ್ಲ ತಂತ್ರದ ಒಳಗೇ ಇತ್ತು. ಆದರೆ ಈ ಕಾಲದ ಗ್ಯಾಲರಿಗೆ ಬರುವಾಗ ಯಂತ್ರ ಬಂತು, ಚಾಂಡಾಲಿನಿ ಬಾಗಿಲ ಹೊರಗೇ ಉಳಿದಳು. ಅಮೂರ್ತ ಎನ್ನುವುದು ಎಲ್ಲರಿಗೂ ಒಂದೇ ಅಲ್ಲ. ಮೈಯನ್ನು ಮರೆಯುವ ಸೌಕರ್ಯ ಕೆಲವರಿಗೆ ಮಾತ್ರ ಇದೆ.

ಹಾಗಾದರೆ ಮೈಯನ್ನು ಮರೆಯದ ಗೆರೆ ಎಲ್ಲೂ ಇಲ್ಲವೆ? ಇದೆ. ಅದಕ್ಕೆ ಬಿಹಾರದ ಮಧುಬನಿ ಸೀಮೆಗೆ ಹೋಗಬೇಕು. ಅಲ್ಲಿ ಮೇಲುಜಾತಿಯ ಹೆಂಗಸರು ಮದುವೆಯ ಕೋಣೆಯ ಗೋಡೆಗೆ 'ಕೊಹಬರ್' ಬರೆಯುತ್ತಿದ್ದರು. ತಾವರೆ ಎಲೆಗಳ ವೃತ್ತ, ಅದರ ನಡುವೆ ಹಾದ ಬಿದಿರು. ವೃತ್ತ ಹೆಣ್ಣು, ಬಿದಿರು ಗಂಡು. ನಮ್ಮ ಬಾದಾಮಿಯ ತಾವರೆಯ ಅಕ್ಕತಂಗಿ ಇವಳು. 1934ರ ಭೂಕಂಪದಲ್ಲಿ ಮನೆಗಳು ಸೀಳಿದಾಗ ಒಳಗಿನ ಗೋಡೆಗಳ ಚಿತ್ರ ಡಬ್ಲ್ಯು.ಜಿ. ಆರ್ಚರ್ ಎಂಬ ಬ್ರಿಟಿಷ್ ಅಧಿಕಾರಿಯ ಕಣ್ಣಿಗೆ ಬಿತ್ತು. 1966–67ರ ಬರಗಾಲದಲ್ಲಿ ಕರಕುಶಲ ಮಂಡಳಿಯವರು ಭಾಸ್ಕರ ಕುಲಕರ್ಣಿ ಎಂಬ ಕಲಾವಿದರನ್ನು ಕಳಿಸಿ, ಗೋಡೆಯ ಚಿತ್ರವನ್ನು ಕಾಗದದ ಮೇಲೆ ಬರೆಸಿದರು. ಜಗದಂಬಾ ದೇವಿ, ಸೀತಾ ದೇವಿ, ಗಂಗಾ ದೇವಿಯರ ಹೆಸರು ದಿಲ್ಲಿಗೆ ಮುಟ್ಟಿತು, ಹೊರದೇಶಕ್ಕೂ ಮುಟ್ಟಿತು.

ಜಿತ್ವಾರ್‌ಪುರ ಎಂಬ ಅದೇ ಸೀಮೆಯ ಹಳ್ಳಿಯಲ್ಲಿ ದುಸಾಧ ಜಾತಿಯ ಹೆಂಗಸರು, ಚಮ್ಮಾರ ಹೆಂಗಸರು ಇದ್ದರು. ಸೀತೆ, ದುರ್ಗೆ, ಕೊಹಬರ್ ಅವರ ಗೋಡೆಯ ಸಂಪತ್ತಲ್ಲ. ಅವರ ಹತ್ತಿರ ಏನಿತ್ತು? ಮೈಮೇಲಿನ ಹಚ್ಚೆ ಇತ್ತು. 1970ರ ದಶಕದಲ್ಲಿ ಜರ್ಮನಿಯ ಎರಿಕಾ ಮೋಸರ್ ಎಂಬ ಮಾನವಶಾಸ್ತ್ರಜ್ಞೆ ಅವರಿಗೆ, ನಿಮ್ಮದನ್ನೇ ಬರೆಯಿರಿ ಎಂದು ಒತ್ತಾಸೆ ಕೊಟ್ಟರು. ಚಾನೋ ದೇವಿ ಮೊದಲಾದವರು ಹಚ್ಚೆಯ ಚುಕ್ಕೆ, ಗೆರೆ, ವೃತ್ತಗಳನ್ನು ತೋಳಿನಿಂದ ಇಳಿಸಿ ಕಾಗದಕ್ಕೆ ತಂದರು. ತಮ್ಮ ಜಾತಿಯ ವೀರ ರಾಜಾ ಸಲ್ಹೇಸನನ್ನು ಬರೆದರು. ಹಚ್ಚೆಗೆ ಅಲ್ಲಿ 'ಗೋದನಾ' ಎನ್ನುತ್ತಾರೆ, ಆ ಶೈಲಿಗೂ ಅದೇ ಹೆಸರು ನಿಂತಿತು. ಜಮುನಾ ದೇವಿ ಎಂಬ ಚಮ್ಮಾರ ಹೆಂಗಸು ಸಗಣಿ ನೀರನ್ನು ಕಾಗದಕ್ಕೆ ಬಳಿದು ನೆಲದ ಬಣ್ಣ ತಂದರು. ಮುಂದೆ, ಮನೆಗೆಲಸಕ್ಕೆ ಹೋದ ಮನೆಯಲ್ಲಿ ನೋಡಿ ಕಲಿತ ಮಲ್ಲಾ ಜಾತಿಯ ದುಲಾರಿ ದೇವಿಗೆ 2021ರಲ್ಲಿ ಪದ್ಮಶ್ರೀ ಬಂತು.

ಗೋದನಾ ಚಿತ್ರವೂ ಒಂದು ಅರ್ಥದಲ್ಲಿ ಅಮೂರ್ತವೇ. ಬರೀ ಚುಕ್ಕೆ, ಬರೀ ವೃತ್ತ. ಆದರೆ ಈ ಚುಕ್ಕೆ ಗೋಡೆಯ ಮೇಲೆ ಹುಟ್ಟಿದ್ದಲ್ಲ, ಚರ್ಮದೊಳಗೆ ಸೂಜಿ ಚುಚ್ಚಿ ಹುಟ್ಟಿದ್ದು. ಒಂದೊಂದು ಚುಕ್ಕೆಗೂ ಒಂದೊಂದು ಹನಿ ರಕ್ತ. ಈ ಗೆರೆಗೆ ಮೈ ಮರೆಯುವುದು ಸಾಧ್ಯವೇ ಇಲ್ಲ.

ಇನ್ನೊಂದು ದಾರಿಯೂ ಇದೆ. ನಾಗಪುರದಲ್ಲಿ 1961ರಲ್ಲಿ ಹುಟ್ಟಿದ ದಲಿತ ಕಲಾವಿದ ಸವಿ ಸಾವರ್ಕರ್ ಅವರದು. ಅವರು ದೇವಿಯನ್ನು ಬರೆಯುವುದಿಲ್ಲ, ದೇವದಾಸಿಯನ್ನು ಬರೆಯುತ್ತಾರೆ. ಪೇಶ್ವೆಗಳ ಕಾಲದ ನೆನಪಿನಿಂದ ಕೊರಳಿಗೆ ಮಡಕೆ, ಸೊಂಟಕ್ಕೆ ಪೊರಕೆ ಕಟ್ಟಿಕೊಂಡ ಅಸ್ಪೃಶ್ಯನನ್ನು ಬರೆಯುತ್ತಾರೆ. ಗೆರೆ ಒರಟು. ಚೆಂದ ಕಾಣಲಿ ಎಂದು ಎಳೆದ ಗೆರೆ ಅಲ್ಲ. ಬಾದಾಮಿಯಲ್ಲಿ ಕೊಡ ಬಸಿರಾಗಿತ್ತು, ಇಲ್ಲಿ ಅದೇ ಮಡಕೆ ಉಗುಳಿನ ಪಾತ್ರೆ. ಮಂಗಳಕಳಶ ಯಾರಿಗೆ, ಉಗುಳುವ ಮಡಕೆ ಯಾರಿಗೆ ಎಂಬುದನ್ನು ಆ ಗೆರೆ ಬಿಚ್ಚಿಡುತ್ತದೆ. ಅವರು ಪುರಾಣದ ಸಂಕೇತವನ್ನು ಮತ್ತಷ್ಟು ಮೇಲಕ್ಕೆ ಏರಿಸದೆ ಕೆಳಗಿಳಿಸಿ, ಅದು ನಿಂತ ನೆಲ ತೋರಿಸುತ್ತಾರೆ. ನನಗೆ ಮರುವ್ಯಾಖ್ಯಾನ ಎಂದರೆ ಇದೇ.

ಗೆಳೆಯರೇ, ಹೆಣ್ಣುದೇವರ ಸಂಕೇತಗಳನ್ನು ಸುಟ್ಟುಬಿಡಿ ಎಂದು ನಾನು ಹೇಳುತ್ತಿಲ್ಲ. ಆ ಕೊಡ ನಮ್ಮದು. ಆ ತಾವರೆ, ಹುತ್ತ, ಚುಕ್ಕೆ ನಮ್ಮವು. ಅವನ್ನು ಮೊದಲು ಗೀಚಿದ ಕೈ ದುಡಿದ ಕೈ. ನಾಚಿಕೆಯ ಹೆಸರಿಟ್ಟವರು ಬೇರೆ, ತಲೆ ಕದ್ದವರು ಬೇರೆ, ಈಗ ಮೈಯನ್ನೂ ಅಳಿಸಿ ಬೆಲೆ ಕಟ್ಟುವವರು ಬೇರೆ. ಅವರಿಂದ ನಮ್ಮ ಗೆರೆಯನ್ನು ವಾಪಸು ಕೇಳಬೇಕಾಗಿದೆ. ಹಾಗೆಂದು ಗೆರೆಯ ಜೊತೆ ಮುತ್ತನ್ನೂ ವಾಪಸು ತರುವ ಹಾಗಿಲ್ಲ. ನಮ್ಮ ಸಂಸ್ಕೃತಿ ಎಂಬ ನೆಪದಲ್ಲಿ ಒಬ್ಬ ಹುಡುಗಿಯ ಕೊರಳಿಗೂ ಮತ್ತೆ ಅದು ಬೀಳಕೂಡದು.

ಮಾಸ್ತರರಾದವರಿಗೆ, ವಿದ್ಯಾರ್ಥಿಗಳಿಗೆ ಒಂದು ಕೆಲಸ ಹೇಳಿ ಮುಗಿಸುತ್ತೇನೆ. ನಿಮ್ಮ ಕೇರಿಗಳಲ್ಲಿ ಮೈತುಂಬ ಹಚ್ಚೆ ಇರುವ ಅಜ್ಜಿಯರು ಇನ್ನೂ ಕೆಲವರು ಇದ್ದಾರೆ. ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಹೂಳಿದಾಗ ಆ ಚಿತ್ರವೂ ಅವರ ಜೊತೆ ಮಣ್ಣಾಗುತ್ತದೆ. ಒಂದು ನೋಟುಬುಕ್ಕು ಹಿಡಿದು ಹೋಗಿ. ಅವರ ಒಪ್ಪಿಗೆ ಕೇಳಿ, ತೋಳಿನ ಹಚ್ಚೆಯನ್ನು ಕಂಡ ಹಾಗೆ ಬರೆದುಕೊಳ್ಳಿ. ಯಾರು ಹಾಕಿದರು, ಏನು ಕೊಟ್ಟಿರಿ, ಎಷ್ಟು ನೋವಾಯಿತು ಎಂದು ಕೇಳಿ. ಚಿತ್ರದ ಕೆಳಗೆ ಅವರು ಹೇಳಿದ ಮಾತನ್ನೂ ಬರೆಯಿರಿ. ನಮ್ಮ ಕಲೆಯ ಚರಿತ್ರೆಯನ್ನು ಅಲ್ಲಿಂದ ಶುರುಮಾಡೋಣ.

ಆ ಹುಡುಗಿ ಶಾಲೆಗೆ ಒಂದು ಚಿತ್ರ ಬರೆದುಕೊಂಡು ಬಂದಿದ್ದಳು. ಬಾದಾಮಿಯ ಮೈಗೆ ಜಗದ ಎಲ್ಲವ್ವನ ಮಾರಿ ಕೂಡಿಸಿದ್ದಳು. ಕುತ್ತಿಗೆ ಕೂಡಿದ ಜಾಗದಲ್ಲಿ ಅಜ್ಜಿಯ ತೋಳಿನ ಹಾಗೆ ಸಾಲಾಗಿ ಚುಕ್ಕೆ ಇಟ್ಟಿದ್ದಳು. ಇದೇನವ್ವಾ ಎಂದೆ.

"ಹೊಲಿಗಿ ಹಾಕೇನ್ರಿ ಸರ. ಇನ್ನ ಯಾರೂ ಕಡೀಬಾರದು."